ಯೂರೋಪಿನಲ್ಲಿ ಎಮರ್ಜೆನ್ಸಿ ಮೆಡಿಸಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಬಿಬಿಎಸ್ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು, ಅವರ ತಂದೆ ತಾಯಂದಿರು, ಯೂರೋಪಿನಲ್ಲಿ ನೆಲೆಸಿ ಅಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ಗಂಟೆಗಟ್ಟಲೆ ಕಾದು ಬೇಸತ್ತ ಕನ್ನಡಿಗರು, ಎಮರ್ಜೆನ್ಸಿ ಮೆಡಿಸಿನ್ ಎಂಬ ತುರ್ತು ಚಿಕಿತ್ಸೆಯ ತಜ್ಞತೆಯ ಬಗ್ಗೆ ಈ ಮೂರು ಗುಂಪಿನವರಿಂದ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಿಯಮಗಳು ವರ್ಷ ವರ್ಷವೂ ಬದಲಾಗುತ್ತವೆ. ಅರ್ಜಿ ಹಾಕುವ ಮೊದಲು ಆಯಾ ದೇಶದ ವೈದ್ಯಕೀಯ ಮಂಡಳಿಯ ಪ್ರಕಟಣೆಯನ್ನು ಕಡ್ಡಾಯವಾಗಿ ಓದಿ.

ತುರ್ತು ಚಿಕಿತ್ಸೆಯನ್ನು ಎಲ್ಲ ವೈದ್ಯರೂ ಕೊಡುತ್ತಾರಲ್ಲ, ಅದಕ್ಕೆ ಪ್ರತ್ಯೇಕ ತಜ್ಞರೇಕೆ?

ಯೂರೋಪಿನಲ್ಲಿ ಈ ಪ್ರಶ್ನೆಯನ್ನು ರೋಗಿಗಳಿಗಿಂತ ಹೆಚ್ಚಾಗಿ ವೈದ್ಯರೇ ಕೇಳಿದ್ದಾರೆ, ಅರ್ಧ ಶತಮಾನದಿಂದ ಕೇಳುತ್ತಲೇ ಇದ್ದಾರೆ. ಉತ್ತರಕ್ಕಾಗಿ ಒಬ್ಬ ರೋಗಿಯನ್ನೇ ನೋಡೋಣ.

ಐವತ್ತೆರಡು ವರ್ಷದ ಒಬ್ಬರು ಎದೆನೋವು ಎಂದು ಬರುತ್ತಾರೆ. ಬೆವರುತ್ತಿದ್ದಾರೆ, ಮಾತನಾಡುತ್ತಿದ್ದಾರೆ. ಹೃದ್ರೋಗ ತಜ್ಞರ ಬಳಿಗೆ ಬರುವಷ್ಟರಲ್ಲಿ ಅವರಿಗೆ ಹೃದಯದ ತೊಂದರೆ ಇದೆ ಎಂಬುದು ಬಹುಪಾಲು ಗೊತ್ತಾಗಿರುತ್ತದೆ. ತುರ್ತು ವಿಭಾಗದ ವೈದ್ಯರಿಗೆ ಆ ಅನುಕೂಲವಿಲ್ಲ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಆದರೆ ತಲೆಯಲ್ಲಿ ಓಡುವ ಪಟ್ಟಿ ಹೃದಯಾಘಾತಕ್ಕೆ ನಿಲ್ಲುವುದಿಲ್ಲ. ಮಹಾಪಧಮನಿಯ ಒಳಪದರ ಸೀಳಿದೆಯೇ? ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆಯೇ? ಶ್ವಾಸಕೋಶದ ಸುತ್ತ ಗಾಳಿ ತುಂಬಿದೆಯೇ? ಅನ್ನನಾಳ ಹರಿದಿದೆಯೇ? ಹೃದಯಾಘಾತವೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಕೊಟ್ಟು, ಆಮೇಲೆ ಅದು ಸೀಳಿದ ಮಹಾಪಧಮನಿ ಎಂದು ಗೊತ್ತಾದರೆ ಕೊಟ್ಟ ಮದ್ದೇ ಕೊಲ್ಲಬಹುದು. ಬಹಳ ಸಲ ಇದಾವುದೂ ಇರುವುದಿಲ್ಲ, ಹುಳಿತೇಗಿನ ಉರಿ ಅಥವಾ ಸ್ನಾಯುನೋವು ಇರುತ್ತದೆ. ಆಗ ಅವರನ್ನು ಮನೆಗೆ ಕಳಿಸುವ ಧೈರ್ಯವನ್ನೂ ಅದೇ ವೈದ್ಯರು ಮಾಡಬೇಕು. ಅಷ್ಟರಲ್ಲಿ ಪಕ್ಕದ ಹಾಸಿಗೆಗೆ ಫಿಟ್ಸ್ ಬಂದ ಮಗು ಬಂದಿರುತ್ತದೆ.

ಉಳಿದ ವಿಭಾಗಗಳಲ್ಲಿ ರೋಗಕ್ಕೆ ಹೆಸರಿಟ್ಟ ಮೇಲೆ ಚಿಕಿತ್ಸೆ ಶುರುವಾಗುತ್ತದೆ. ಇಲ್ಲಿ ಹೆಸರಿಡುವ ಮೊದಲೇ ಶುರುವಾಗಬೇಕು. ಯಾವ ಕಾಯಿಲೆ ಇರುವ ಸಂಭವ ಹೆಚ್ಚು ಎಂಬುದಕ್ಕಿಂತ, ಯಾವುದನ್ನು ಬಿಟ್ಟರೆ ರೋಗಿ ಉಳಿಯುವುದಿಲ್ಲ ಎಂಬುದನ್ನು ಮೊದಲು ನೋಡುವುದು ಈ ವಿದ್ಯೆಯ ತಿರುಳು. ಇದನ್ನು ಬೇರೊಂದು ವಿಭಾಗದ ತರಬೇತಿಯ ನಡುವೆ ಆರು ತಿಂಗಳು ರಾತ್ರಿ ಪಾಳಿ ಮಾಡಿ ಕಲಿಯಬಹುದು ಎಂದು ನಂಬುವವರು ಈಗಲೂ ಇದ್ದಾರೆ. ನಾನು ನಂಬುವುದಿಲ್ಲ.

ಯೂರೋಪಿನಲ್ಲಿ ಇದು ಶುರುವಾದದ್ದು ಎಲ್ಲಿ?

ಗಾಯಾಳುಗಳನ್ನು ಅವರ ಅಂತಸ್ತಿನ ಪ್ರಕಾರವಲ್ಲ, ಗಾಯದ ತೀವ್ರತೆಯ ಪ್ರಕಾರ ವಿಂಗಡಿಸಬೇಕು ಎಂಬ ಪದ್ಧತಿಯ ಜೊತೆಗೆ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆಯ ಹೆಸರು ಸೇರಿಕೊಂಡಿದೆ. ರಣರಂಗದಿಂದಲೇ ಗಾಯಾಳುಗಳನ್ನು ಕುದುರೆಗಾಡಿಯಲ್ಲಿ ಎತ್ತಿ ತರುವ ವ್ಯವಸ್ಥೆಯನ್ನು ಕಟ್ಟಿದವನೂ ಅವನೇ.

ಆಸ್ಪತ್ರೆಯೊಳಗಿನ ಕಥೆ ಮಾತ್ರ ಬಹಳ ತಡವಾಗಿ ಶುರುವಾಯಿತು. ಬ್ರಿಟನ್ನಿನ ಕ್ಯಾಶುವಾಲಿಟಿಗಳು ಎರಡನೇ ಮಹಾಯುದ್ಧದ ನಂತರವೂ ಯಾರಿಗೂ ಸೇರದ ಕೋಣೆಗಳಾಗಿದ್ದವು. ಅಲ್ಲಿ ಕಿರಿಯ ವೈದ್ಯರು ಇರುತ್ತಿದ್ದರು, ಹಿರಿಯರು ಮೇಲಿನ ವಾರ್ಡುಗಳಲ್ಲಿರುತ್ತಿದ್ದರು. 1952ರಲ್ಲಿ ಲೀಡ್ಸ್ ನಗರದ ಆಸ್ಪತ್ರೆಯಲ್ಲಿ ಮಾರಿಸ್ ಎಲ್ಲಿಸ್ ಈ ವಿಭಾಗಕ್ಕೆಂದೇ ಹಿರಿಯ ವೈದ್ಯರಾಗಿ ನೇಮಕಗೊಂಡರು. 1967ರಲ್ಲಿ ಕ್ಯಾಶುವಾಲಿಟಿ ಸರ್ಜನ್ಸ್ ಅಸೋಸಿಯೇಷನ್ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು. 1972ರಲ್ಲಿ ಸರ್ಕಾರ ಪ್ರಯೋಗವೆಂದು ಮೂವತ್ತರಷ್ಟು ಕನ್ಸಲ್ಟೆಂಟ್ (ಹಿರಿಯ ತಜ್ಞ ವೈದ್ಯರ) ಹುದ್ದೆಗಳನ್ನು ಮಂಜೂರು ಮಾಡಿತು. ಆ ಸಂಘದ ಬಳ್ಳಿಯಲ್ಲೇ ಬೆಳೆದ ಸಂಸ್ಥೆ 2015ರಿಂದ ರಾಯಲ್ ಕಾಲೇಜ್ ಆಫ್ ಎಮರ್ಜೆನ್ಸಿ ಮೆಡಿಸಿನ್ ಎನಿಸಿಕೊಂಡಿದೆ. ಶತಮಾನಗಳ ಇತಿಹಾಸವಿರುವ ಶಸ್ತ್ರವೈದ್ಯರ ಮತ್ತು ಫಿಜಿಷಿಯನ್ನರ ಕಾಲೇಜುಗಳ ಪಕ್ಕದಲ್ಲಿ ಇದು ಎಳೆಗೂಸು.

ಫ್ರಾನ್ಸಿನಲ್ಲಿ ಆಂಬುಲೆನ್ಸಿನಲ್ಲೇ ವೈದ್ಯರು ಬರುತ್ತಾರಂತೆ, ನಿಜವೇ?

ನಿಜ. ಯೂರೋಪನ್ನು ಎರಡು ಪಂಥಗಳಾಗಿ ಸೀಳಿದ ಸಂಗತಿಯೂ ಇದೇ.

ಬ್ರಿಟನ್, ಐರ್ಲೆಂಡ್‌ಗಳಲ್ಲಿ ರಸ್ತೆಗೆ ಹೋಗುವವರು ಸಾಮಾನ್ಯವಾಗಿ ವೈದ್ಯರಲ್ಲದ, ತುರ್ತು ಆರೈಕೆಯ ತರಬೇತಿ ಪಡೆದ ಪ್ಯಾರಾಮೆಡಿಕ್‌ಗಳು, ವೈದ್ಯರು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಾರೆ. ಫ್ರಾನ್ಸ್, ಜರ್ಮನಿಗಳಲ್ಲಿ ಗಂಭೀರ ಪ್ರಕರಣಕ್ಕೆ ವೈದ್ಯರೇ ಹೊರಟುಬಿಡುತ್ತಾರೆ. ಟುಲೂಸ್ ನಗರದಲ್ಲಿ ಅರಿವಳಿಕೆ ತಜ್ಞ ಲೂಯಿ ಲಾರೆಂಗ್ 1968ರಲ್ಲಿ ಶುರು ಮಾಡಿದ 'ಸಾಮು' ಎಂಬ ತುರ್ತು ವೈದ್ಯಕೀಯ ನೆರವಿನ ವ್ಯವಸ್ಥೆಗೆ 1986ರ ಕಾನೂನು ಗಟ್ಟಿ ನೆಲೆ ಕೊಟ್ಟಿತು. ಫ್ರಾನ್ಸಿನಲ್ಲಿ ಅದರ ತುರ್ತು ಸಂಖ್ಯೆ 15ಕ್ಕೆ ಕರೆ ಮಾಡಿದರೆ ಮೊದಲು ಸಿಬ್ಬಂದಿ ವಿಳಾಸ, ದೂರವಾಣಿ ಸಂಖ್ಯೆ ಬರೆದುಕೊಳ್ಳುತ್ತಾರೆ, ನಂತರ ಕರೆ ಒಬ್ಬ ವೈದ್ಯರಿಗೆ ಹೋಗುತ್ತದೆ. ಅವರು ರೋಗಿಯನ್ನು ನೋಡಿರುವುದಿಲ್ಲ. ಹೆಂಡತಿ ಗಾಬರಿಯಲ್ಲಿ ಹೇಳುವ ಮಾತು, ಹಿನ್ನೆಲೆಯಲ್ಲಿ ಕೇಳುವ ಉಸಿರಿನ ಸದ್ದು, ಗಂಡ ಪೂರ್ತಿ ವಾಕ್ಯ ಮಾತನಾಡಬಲ್ಲನೇ ಇಲ್ಲವೇ ಎಂಬ ಒಂದು ಪ್ರಶ್ನೆ, ಇಷ್ಟರಲ್ಲೇ ತೀರ್ಮಾನವಾಗಬೇಕು: ಸಲಹೆ ಸಾಕೇ, ಸಾಮಾನ್ಯ ಆಂಬುಲೆನ್ಸ್ ಸಾಕೇ, ಅಥವಾ ವೈದ್ಯರು, ನರ್ಸ್, ವೆಂಟಿಲೇಟರ್ ಸಮೇತ ಹೊರಡುವ ತಂಡವನ್ನೇ ಕಳಿಸಬೇಕೇ? ಫೋನಿನಲ್ಲಿ ವೈದ್ಯ ಮಾಡುವ ಈ ಕೆಲಸವನ್ನು ಅಲ್ಲಿನ ತರಬೇತಿ ಗಂಭೀರವಾಗಿ ಕಲಿಸುತ್ತದೆ. ಬ್ರಿಟನ್ನಿನ ಪಠ್ಯಕ್ರಮದಲ್ಲಿ ಇದಕ್ಕೆ ಅಷ್ಟು ಜಾಗವಿಲ್ಲ.

ಜರ್ಮನಿಯ 'ನೋಟಾರ್ಟ್ಸ್ಟ್' (ತುರ್ತು ವೈದ್ಯ) ಪದ್ಧತಿಯೂ ಹೀಗೆಯೇ ರಸ್ತೆಯ ಮೇಲೆ ಬೆಳೆದದ್ದು. ವೈದ್ಯರು ಬೇರೆ ಕಾರಿನಲ್ಲಿ ಬಂದು ಸ್ಥಳದಲ್ಲಿ ಆಂಬುಲೆನ್ಸನ್ನು ಕೂಡಿಕೊಳ್ಳುತ್ತಾರೆ. ಯಾವ ಪಂಥ ಮೇಲು ಎಂಬ ಜಗಳ ಹಳೆಯದು, ಇನ್ನೂ ಬಗೆಹರಿದಿಲ್ಲ. ಹೃದಯಸ್ತಂಭನಕ್ಕೆ ಸ್ಥಳದಲ್ಲೇ ಚಿಕಿತ್ಸೆ ಬೇಕು, ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವರು ಆದಷ್ಟು ಬೇಗ ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗಬೇಕು. ಒಂದೇ ಸೂತ್ರ ಎರಡಕ್ಕೂ ಹೊಂದುವುದಿಲ್ಲ.

ಯೂರೋಪಿಗೆಲ್ಲ ಒಂದೇ ತರಬೇತಿ, ಒಂದೇ ಮಾನ್ಯತೆ ಇಲ್ಲವೇ?

ಇಲ್ಲ. ಒಂದು ಆದರ್ಶವಿದೆ, ಅಷ್ಟೆ.

ಯೂರೋಪಿಯನ್ ಸೊಸೈಟಿ ಫಾರ್ ಎಮರ್ಜೆನ್ಸಿ ಮೆಡಿಸಿನ್ 1994ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು, ಅದರ ಮುಂದಾಳುತನದಲ್ಲಿ 2009ರಲ್ಲಿ ಯೂರೋಪಿಯನ್ ಪಠ್ಯಕ್ರಮ ಬಂದಿತು. ಕನಿಷ್ಠ ಐದು ವರ್ಷದ ತರಬೇತಿ ಇರಬೇಕೆಂಬುದು ಅದರ ನಿಲುವು. ಐರೋಪ್ಯ ಒಕ್ಕೂಟದ 2005ರ ವೃತ್ತಿ ಅರ್ಹತೆಗಳ ನಿರ್ದೇಶನದ ಅನುಬಂಧದಲ್ಲಿಯೂ ಈ ವಿಭಾಗಕ್ಕೆ ಐದು ವರ್ಷವೆಂದೇ ಇದೆ. ಆದರೆ ಆ ಅನುಬಂಧದಲ್ಲಿ ಹೆಸರು ನಮೂದಿಸಿದ ದೇಶಗಳ ನಡುವೆ ಮಾತ್ರ ಪದವಿ ತಾನಾಗಿ ಮಾನ್ಯವಾಗುತ್ತದೆ. ನಿಮ್ಮ ವಿಭಾಗವೇ ಇಲ್ಲದ ದೇಶಕ್ಕೆ ಹೋದರೆ ನೀವು ಅಲ್ಲಿ ತಜ್ಞರಲ್ಲ, ಬರೀ ವೈದ್ಯರು.

ನಕ್ಷೆ ಚಿಂದಿ ಚಿಂದಿಯಾಗಿದೆ. ಪೋಲೆಂಡ್ ಇದನ್ನು ಪ್ರತ್ಯೇಕ ತಜ್ಞತೆಯೆಂದು 1999ರಲ್ಲೇ ಒಪ್ಪಿತು. ಬೆಲ್ಜಿಯಂ 2005ರಲ್ಲಿ, ಫಿನ್ಲೆಂಡ್ 2013ರಲ್ಲಿ. ಸ್ವೀಡನ್ ಮೊದಲು ಬೇರೊಂದು ತಜ್ಞತೆಯ ಮೇಲೆ ಪಡೆಯುವ ಉಪತಜ್ಞತೆಯನ್ನಾಗಿ ಇಟ್ಟುಕೊಂಡು, 2015ರಲ್ಲಿ ಸ್ವತಂತ್ರ ಮಾಡಿತು. ಡೆನ್ಮಾರ್ಕ್, ನಾರ್ವೆಗಳು ಅದರ ಹಿಂದೆಯೇ ಬಂದವು. ಯೂರೋಪಿನ ಅಂಚಿನ ಟರ್ಕಿ ಮಾತ್ರ 1993ರಲ್ಲೇ ಇವರೆಲ್ಲರನ್ನೂ ಹಿಂದೆ ಹಾಕಿತ್ತು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಇಟಲಿ 2009ರ ಸುಮಾರಿಗೆ ಐದು ವರ್ಷದ ಶಾಲೆಗಳನ್ನು ತೆರೆಯಿತು, ಆದರೆ ಅಲ್ಲಿ ಈಗ ಸೀಟುಗಳೇ ತುಂಬುತ್ತಿಲ್ಲ. ಖಾಲಿ ಪಾಳಿಗಳನ್ನು ತುಂಬಲು ಆಸ್ಪತ್ರೆಗಳು ಪಾಳಿಯ ಲೆಕ್ಕದಲ್ಲಿ ಹಣ ಪಡೆಯುವ ವೈದ್ಯರನ್ನು ಕರೆಸುತ್ತವೆ. ಇಟಲಿಯವರು ಅವರನ್ನು 'ಟೋಕನ್ ವೈದ್ಯರು' ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ, ಅದರಲ್ಲಿ ಗೌರವಕ್ಕಿಂತ ಸಿಟ್ಟೇ ಹೆಚ್ಚು.

ಫ್ರಾನ್ಸ್ ಮೊದಲಿನಿಂದ ವೈದ್ಯರನ್ನು ರಸ್ತೆಗೆ ಕಳಿಸುತ್ತಿದ್ದರೂ ಪೂರ್ಣ ಪ್ರಮಾಣದ ತಜ್ಞತಾ ಡಿಪ್ಲೊಮಾ ಶುರುವಾದದ್ದು 2017ರಲ್ಲಿ, ನಾಲ್ಕು ವರ್ಷದ ಕೋರ್ಸಾಗಿ.

ಸ್ಪೇನ್ ಇಷ್ಟು ತಡವಾಗಿ ಒಪ್ಪಿದ್ದೇಕೆ?

ಸ್ಪೇನಿನ ಮಂತ್ರಿಮಂಡಲ ಇದನ್ನು ಪ್ರತ್ಯೇಕ ತಜ್ಞತೆಯೆಂದು ಅಂಗೀಕರಿಸಿದ್ದು 2024ರ ಜುಲೈನಲ್ಲಿ. ಅಲ್ಲಿಯವರೆಗೆ ಅಲ್ಲಿನ ತುರ್ತು ವಿಭಾಗಗಳನ್ನು ನಡೆಸಿದವರಲ್ಲಿ ಕುಟುಂಬ ವೈದ್ಯರ ತರಬೇತಿ ಪಡೆದವರೇ ಹೆಚ್ಚು. ಹೊಸ ತಜ್ಞತೆ ಬಂದರೆ ತಮ್ಮವರ ಕೆಲಸದ ಅವಕಾಶ ಕಡಿಮೆಯಾಗುತ್ತದೆ, ಹಳ್ಳಿಗಳಿಗೆ ವೈದ್ಯರು ಸಿಗುವುದಿಲ್ಲ ಎಂಬ ವಾದ ದಶಕಗಳ ಕಾಲ ನಡೆಯಿತು. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಇಪ್ಪತ್ತು ವರ್ಷ ರಾತ್ರಿ ಹಗಲು ದುಡಿದವರಿಗೆ ನಿಮ್ಮದು ತಜ್ಞತೆಯೇ ಅಲ್ಲ ಎಂದು ಹೇಳುತ್ತಾ ಬಂದದ್ದು ನ್ಯಾಯವಾಗಿರಲಿಲ್ಲ.

ಜರ್ಮನಿಯಂಥ ದೇಶದಲ್ಲಿ ಇನ್ನೂ ಇದು ಪೂರ್ಣ ತಜ್ಞತೆಯಲ್ಲವೇ?

ಅಲ್ಲ, ಮತ್ತು ಭಾರತದಿಂದ ಹೋಗುವವರು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಜರ್ಮನಿಯಲ್ಲಿ ಎರಡು ಬೇರೆ ಬೇರೆ ಅರ್ಹತೆಗಳಿವೆ. ಒಂದು ರಸ್ತೆಯ ನೋಟಾರ್ಟ್ಸ್ಟ್ ಆಗಲು ಬೇಕಾದದ್ದು: ಎರಡು ವರ್ಷದ ಕ್ಲಿನಿಕಲ್ ಅನುಭವ, 80 ಗಂಟೆಗಳ ಕೋರ್ಸು, ಹಿರಿಯರ ಜೊತೆಗೆ 50 ತುರ್ತು ಕರೆಗಳು. ಇನ್ನೊಂದು ಆಸ್ಪತ್ರೆಯೊಳಗಿನ ತುರ್ತು ವಿಭಾಗಕ್ಕೆಂದು 2018ರ ಮಾದರಿ ನಿಯಮಾವಳಿಯಲ್ಲಿ ಸೇರಿದ 24 ತಿಂಗಳ ಹೆಚ್ಚುವರಿ ತರಬೇತಿ. ಎರಡನೆಯದನ್ನು ಪಡೆಯಲು ನೀವು ಮೊದಲು ಇಂಟರ್ನಲ್ ಮೆಡಿಸಿನ್, ಸರ್ಜರಿ, ಅರಿವಳಿಕೆ ಮುಂತಾದ ಯಾವುದಾದರೂ ವಿಭಾಗದಲ್ಲಿ ತಜ್ಞರಾಗಿರಬೇಕು.

ಕಾರಣ ಆಸ್ಪತ್ರೆಗಳ ರಚನೆಯಲ್ಲಿದೆ. ಬಹಳ ಕಾಲ ಅಲ್ಲಿ ಪ್ರತಿ ವಿಭಾಗಕ್ಕೂ ತನ್ನದೇ ತುರ್ತು ಬಾಗಿಲಿತ್ತು. ಮೂಳೆ ಮುರಿದವರು ಒಂದು ಕಡೆ, ಜ್ವರದವರು ಇನ್ನೊಂದು ಕಡೆ. ಹೊಟ್ಟೆನೋವಿನವರು ಎಲ್ಲಿಗೆ ಹೋಗಬೇಕೆಂಬುದನ್ನು ರೋಗಿಯೇ ಊಹಿಸಬೇಕು! ವಿಭಾಗದ ಮುಖ್ಯಸ್ಥರಿಗೆ ತಮ್ಮ ಬಾಗಿಲನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಈಗ ಒಂದೇ ಕೇಂದ್ರ ತುರ್ತು ವಿಭಾಗ ಎಂಬ ಪದ್ಧತಿ ನೆಲೆಯೂರಿದೆ. ಪ್ರತ್ಯೇಕ ತಜ್ಞತೆಯೂ ಬಂದೀತು, ನಿಧಾನವಾಗಿ.

ತರಬೇತಿಯಲ್ಲಿ ನಿಜವಾಗಿ ಏನು ಕಲಿಸುತ್ತಾರೆ?

ಬ್ರಿಟನ್ನಿನ ಉದಾಹರಣೆ ತೆಗೆದುಕೊಳ್ಳುತ್ತೇನೆ, ಅದು ನಮ್ಮವರಿಗೆ ಹೆಚ್ಚು ಪರಿಚಿತ. ಪದವಿಯ ನಂತರ ಎರಡು ವರ್ಷ ಫೌಂಡೇಷನ್, ಅಂದರೆ ಹೊಸ ವೈದ್ಯರ ಆರಂಭದ ತರಬೇತಿ. ಆಮೇಲೆ ತಜ್ಞ ತರಬೇತಿ ಆರು ವರ್ಷ. ಅದರ ಮೊದಲ ಎರಡು ವರ್ಷದಲ್ಲಿ ಆರಾರು ತಿಂಗಳಂತೆ ನಾಲ್ಕು ಕಡೆ ದುಡಿಯಬೇಕು: ತುರ್ತು ವಿಭಾಗ, ಇಂಟರ್ನಲ್ ಮೆಡಿಸಿನ್, ಅರಿವಳಿಕೆ, ತೀವ್ರ ನಿಗಾ ಘಟಕ. ಅರಿವಳಿಕೆಯ ಆರು ತಿಂಗಳನ್ನು ಅನೇಕರು ರಜೆ ಎಂದು ಭಾವಿಸುತ್ತಾರೆ, ಅದು ತಪ್ಪು. ಆಪರೇಷನ್ ಥಿಯೇಟರಿನಲ್ಲಿ ಎಲ್ಲವೂ ಸಿದ್ಧವಿದ್ದು, ಹೊಟ್ಟೆ ಖಾಲಿ ಇರುವ ರೋಗಿಗೆ ಶ್ವಾಸನಾಳದ ಕೊಳವೆ ಹಾಕುವುದನ್ನು ನೂರಾರು ಸಲ ಮಾಡಿದವರಿಗೆ ಮಾತ್ರ, ವಾಂತಿ ಮಾಡುತ್ತಿರುವ, ಕತ್ತು ಅಲುಗಾಡಿಸಬಾರದ ಗಾಯಾಳುವಿನ ಮುಂದೆ ಕೈ ನಡುಗದೆ ಇರುತ್ತದೆ.

ಮೂರನೇ ವರ್ಷದಲ್ಲಿ ಮಕ್ಕಳ ತುರ್ತು ಚಿಕಿತ್ಸೆಗೆ ಒತ್ತು. ಉಳಿದ ಮೂರು ವರ್ಷ ಹಿರಿಯ ಹಂತ, ಇಡೀ ವಿಭಾಗವನ್ನು ಒಂದು ಪಾಳಿಯ ಕಾಲ ನಡೆಸುವುದನ್ನು ಕಲಿಯುವ ಕಾಲ. ಯಾವ ರೋಗಿಯನ್ನು ಯಾವ ಕಿರಿಯರಿಗೆ ಕೊಡಬೇಕು, ಹೊರಗೆ ನಿಂತ ಆರು ಆಂಬುಲೆನ್ಸುಗಳಲ್ಲಿ ಯಾವುದು ಮೊದಲು, ಮೇಲಿನ ವಾರ್ಡಿನ ವೈದ್ಯರು ಈ ರೋಗಿ ನಮ್ಮವರಲ್ಲ ಎಂದಾಗ ಹೇಗೆ ಮಾತನಾಡಬೇಕು. ಕೊನೆಯದನ್ನು ಯಾವ ಪರೀಕ್ಷೆಯೂ ಸರಿಯಾಗಿ ಅಳೆಯುವುದಿಲ್ಲ, ಆದರೆ ಕೆಲಸದ ಅರ್ಧ ಭಾಗ ಅದೇ.

ಇದರ ಜೊತೆಗೆ ಅಲ್ಟ್ರಾಸೌಂಡ್ ಕಲಿಕೆ ಕಡ್ಡಾಯ. ಹಾಸಿಗೆಯ ಪಕ್ಕದಲ್ಲೇ ಹೊಟ್ಟೆಯೊಳಗೆ ರಕ್ತವಿದೆಯೇ, ಮಹಾಪಧಮನಿ ಉಬ್ಬಿದೆಯೇ ಎಂದು ವೈದ್ಯರೇ ನೋಡಬೇಕು. ರಾಯಲ್ ಕಾಲೇಜ್ ಆಫ್ ಎಮರ್ಜೆನ್ಸಿ ಮೆಡಿಸಿನ್ ನಡೆಸುವ ಪರೀಕ್ಷೆಗಳು ಎರಡು ಮಟ್ಟದಲ್ಲಿವೆ: ಮಧ್ಯದಲ್ಲಿ ಎಂಆರ್‌ಸಿಇಎಂ, ಕೊನೆಯಲ್ಲಿ ಎಫ್‌ಆರ್‌ಸಿಇಎಂ.

ಯೂರೋಪಿಯನ್ ಬೋರ್ಡ್ ಪರೀಕ್ಷೆ ಪಾಸಾದರೆ ಎಲ್ಲ ದೇಶದಲ್ಲೂ ಕೆಲಸ ಮಾಡಬಹುದೇ?

ಮಾಡಲಾಗದು. ಇಬಿಇಇಎಂ ಎಂದು ಕರೆಯುವ ಈ ಪರೀಕ್ಷೆಯಲ್ಲಿ ಎರಡು ಭಾಗಗಳಿವೆ, ಮೊದಲನೆಯದು ಬಹು ಆಯ್ಕೆಯ ಪ್ರಶ್ನೆಗಳು, ಎರಡನೆಯದು ಪ್ರಾಯೋಗಿಕ. ಅದು ಜ್ಞಾನಕ್ಕೆ ಸಿಗುವ ಗೌರವ. ವೃತ್ತಿಯ ಪರವಾನಗಿಯನ್ನು ಆಯಾ ದೇಶವೇ ಕೊಡುತ್ತದೆ.

ತೀವ್ರ ನಿಗಾ ಘಟಕದ ತಜ್ಞರಿಗೂ ಇವರಿಗೂ ಏನು ವ್ಯತ್ಯಾಸ?

ಮೊದಲ ಗಂಟೆಗಳು ಇವರದು, ಮುಂದಿನ ದಿನಗಳು ಅವರದು. ಇಬ್ಬರ ಕೌಶಲ ಬಹಳಷ್ಟು ಒಂದೇ. ಬ್ರಿಟನ್ನಿನಲ್ಲಿ ಎರಡನ್ನೂ ಒಟ್ಟಿಗೆ ಮಾಡುವ ಜೋಡಿ ತರಬೇತಿಯೂ ಇದೆ.

ನಾನು ರೋಗಿಯಾಗಿ ಹೋದೆ, ನನ್ನ ನಂತರ ಬಂದವರನ್ನು ಮೊದಲು ಕರೆದರು. ಇದು ಯಾವ ನ್ಯಾಯ?

ಸಿಟ್ಟು ಬರುವುದು ಸಹಜ, ವಿಶೇಷವಾಗಿ ಜ್ವರದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಾಗ. ಆದರೆ ಅಲ್ಲಿ ಟೋಕನ್ ಸಂಖ್ಯೆಯಿಂದ ಸರದಿ ನಡೆಯುವುದಿಲ್ಲ. ಮೊದಲು ಕಾಣುವ ನರ್ಸ್ ನಿಮ್ಮ ನಾಡಿ, ಉಸಿರಾಟ, ರಕ್ತದ ಆಮ್ಲಜನಕ ನೋಡಿ, ನಿಗದಿತ ಪ್ರಶ್ನೆ ಕೇಳಿ, ಒಂದು ಬಣ್ಣ ಕೊಡುತ್ತಾರೆ. ಯೂರೋಪಿನ ಹಲವು ದೇಶಗಳು ಬಳಸುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಕೆಂಪು ಎಂದರೆ ತಕ್ಷಣ, ಕಿತ್ತಳೆ 10 ನಿಮಿಷ, ಹಳದಿ 60, ಹಸಿರು 120, ನೀಲಿ 240. ಪೋರ್ಚುಗಲ್ಲಿನಲ್ಲಿ ಆ ಬಣ್ಣದ ಪಟ್ಟಿಯನ್ನೇ ಮಣಿಕಟ್ಟಿಗೆ ಕಟ್ಟುತ್ತಾರೆ. ಇವು ಗುರಿಗಳು, ಭರವಸೆಗಳಲ್ಲ. ಕಾಯುತ್ತಿರುವಾಗ ಸ್ಥಿತಿ ಬಿಗಡಾಯಿಸಿದರೆ ಸುಮ್ಮನೆ ಕೂರಬೇಡಿ, ಎದ್ದು ಹೋಗಿ ಹೇಳಿ, ಬಣ್ಣ ಬದಲಾಗುತ್ತದೆ.

ಇಂಗ್ಲೆಂಡಿನಲ್ಲಿ ನಾಲ್ಕು ಗಂಟೆಯೊಳಗೆ ರೋಗಿಯ ವಿಷಯ ಇತ್ಯರ್ಥವಾಗಬೇಕೆಂಬ ಗುರಿಯಿದೆ. 2004ರಲ್ಲಿ ಅದನ್ನು ಶೇ. 98ಕ್ಕೆ ಇಟ್ಟಿದ್ದರು, 2010ರಲ್ಲಿ ಶೇ. 95ಕ್ಕೆ ಇಳಿಸಿದರು, ಈಗ ಅದೂ ದೂರದ ಮಾತು. ಇದಕ್ಕೆ ಸಣ್ಣಪುಟ್ಟ ಕಾಯಿಲೆಗೆ ಬರುವವರೇ ಕಾರಣವೆಂದು ಬೈಯುವುದು ರೂಢಿ. ನಿಜವಾದ ಗಂಟು ಇರುವುದು ಮೇಲಿನ ಮಹಡಿಯಲ್ಲಿ: ಗುಣವಾದ ವೃದ್ಧರನ್ನು ಮನೆಗೆ ಕಳಿಸಲು ನೋಡಿಕೊಳ್ಳುವವರಿಲ್ಲ, ಆದ್ದರಿಂದ ವಾರ್ಡಿನ ಹಾಸಿಗೆ ಖಾಲಿಯಾಗುವುದಿಲ್ಲ, ಆದ್ದರಿಂದ ದಾಖಲಾಗಬೇಕಾದವರು ತುರ್ತು ವಿಭಾಗದ ಮೊಗಸಾಲೆಯಲ್ಲಿ ಟ್ರಾಲಿಯ ಮೇಲೆ ರಾತ್ರಿ ಕಳೆಯುತ್ತಾರೆ.

ಈ ವೈದ್ಯರು ಬೇಗ ಬಸವಳಿದು ಕೆಲಸ ಬಿಡುತ್ತಾರೆ ಎನ್ನುತ್ತಾರಲ್ಲ?

ಬಿಡುವವರು ಇದ್ದಾರೆ. ಆಸ್ಟ್ರೇಲಿಯಾಕ್ಕೆ ಹಾರುವವರಂತೂ ಬಹಳ. ರಾತ್ರಿ ಪಾಳಿ, ವಾರಾಂತ್ಯ, ಹಬ್ಬದ ದಿನದ ಡ್ಯೂಟಿ ತಪ್ಪುವುದಿಲ್ಲ. ಆದರೆ ನನಗೆ ಕಂಡಂತೆ ದಣಿಸುವುದು ಕೆಲಸವಲ್ಲ, ಗೊತ್ತಿರುವ ಕೆಲಸವನ್ನು ಮಾಡಲು ಜಾಗವಿಲ್ಲದಿರುವುದು. ಎದೆನೋವಿನ ರೋಗಿಯನ್ನು ಮೊಗಸಾಲೆಯಲ್ಲಿ ಎಲ್ಲರೆದುರು ಪರೀಕ್ಷಿಸಬೇಕಾದ ದಿನ ಮನೆಗೆ ಹೋದ ಮೇಲೂ ನಿದ್ರೆ ಬರುವುದಿಲ್ಲ. ಪಾಳಿ ಮುಗಿದರೆ ಮುಗಿಯಿತು, ಮನೆಗೆ ಫೋನ್ ಬರುವುದಿಲ್ಲ ಎಂಬ ಸುಖವೂ ಈ ವಿಭಾಗದಲ್ಲೇ ಇದೆ, ಅದನ್ನೂ ಹೇಳಬೇಕು.

ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರು ಈ ತರಬೇತಿಗೆ ಹೋಗಬಹುದೇ?

ಹೋಗಬಹುದು, ದಾರಿ ಮೊದಲಿಗಿಂತ ಕಿರಿದಾಗಿದೆ. ಬ್ರಿಟನ್ನಿಗೆ, ವಿದೇಶಿ ಪದವೀಧರರಿಗೆಂದು ಇರುವ ಪ್ಲಾಬ್ ಪರೀಕ್ಷೆಯ ಮೂಲಕ ಅಥವಾ ಎಂಆರ್‌ಸಿಇಎಂ ಪೂರೈಸಿ ನೋಂದಣಿ ಪಡೆಯುವ ದಾರಿಗಳಿವೆ. ಇಂಗ್ಲಿಷ್ ಪರೀಕ್ಷೆ ಎರಡಕ್ಕೂ ಬೇಕು. ಎಂಆರ್‌ಸಿಇಎಂನ ಕಂಪ್ಯೂಟರ್ ಭಾಗಗಳನ್ನು ಭಾರತದಲ್ಲೇ ಬರೆಯಬಹುದು. ಆದರೆ ನೋಂದಣಿ ಸಿಕ್ಕಿದ ಮಾತ್ರಕ್ಕೆ ತರಬೇತಿಯ ಸೀಟು ಸಿಕ್ಕಿದಂತಲ್ಲ. ಸ್ಪರ್ಧೆ ತೀವ್ರವಾಗಿ ಏರಿದೆ, ಸ್ಥಳೀಯ ಪದವೀಧರರಿಗೆ ಆದ್ಯತೆ ಕೊಡುವುದಾಗಿ ಅಲ್ಲಿನ ಸರ್ಕಾರ 2025ರಲ್ಲಿ ಹೇಳಿದೆ. ತರಬೇತಿಯೇತರ ಹುದ್ದೆಯಲ್ಲಿ ದುಡಿದು, ಅನುಭವದ ದಾಖಲೆಗಳನ್ನು ಪೇರಿಸಿ ತಜ್ಞರ ಪಟ್ಟಿಗೆ ಸೇರುವ ಇನ್ನೊಂದು ದಾರಿಯೂ ಉಂಟು. ಕಾಗದಪತ್ರದ ಕೆಲಸ ವಿಪರೀತ, ತಾಳ್ಮೆ ಇದ್ದವರಿಗೆ ಮಾತ್ರ.

ನಮ್ಮಲ್ಲಿಯೇ ಎಂಡಿ ಮಾಡುವುದನ್ನು ಕೈಬಿಡಬೇಡಿ. ಭಾರತದಲ್ಲಿ 2009ರಿಂದ ಎಮರ್ಜೆನ್ಸಿ ಮೆಡಿಸಿನ್ ಮಾನ್ಯ ವಿಭಾಗ, ಅಂದರೆ ಜರ್ಮನಿ, ಸ್ಪೇನುಗಳಿಗಿಂತ ನಾವು ಮುಂದಿದ್ದೇವೆ. ಖಾಸಗಿ ಆಸ್ಪತ್ರೆಗಳು ವಿದೇಶಿ ಹೆಸರು ಸೇರಿಸಿ ನಡೆಸುವ ಕೋರ್ಸುಗಳಿಗೆ ಹಣ ಕಟ್ಟುವ ಮೊದಲು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾನ್ಯತೆ ಇದೆಯೇ ಎಂದು ನೋಡಿ. ಕಲಿಕೆ ಚೆನ್ನಾಗಿರಬಹುದು, ಪದವಿಗೆ ಬೆಲೆ ಇಲ್ಲದಿರಬಹುದು. ಎಂಆರ್‌ಸಿಇಎಂ ಒಂದೇ ಇದ್ದರೆ ಅದನ್ನು ಎಂಡಿಗೆ ಸಮವೆಂದು ಭಾವಿಸಬೇಡಿ.

ಭಾಷೆ ಎಷ್ಟು ಮುಖ್ಯ?

ಬೇರೆ ಯಾವ ವಿಭಾಗಕ್ಕಿಂತಲೂ ಇಲ್ಲಿ ಹೆಚ್ಚು. ಜರ್ಮನಿಯಲ್ಲಿ ವೈದ್ಯರಾಗಲು ಸಾಮಾನ್ಯ ಜರ್ಮನ್ ಬಿ2 ಮಟ್ಟ (ಸರಾಗವಾಗಿ ಮಾತನಾಡುವಷ್ಟು), ವೈದ್ಯಕೀಯ ಜರ್ಮನ್ ಅದಕ್ಕಿಂತ ಮೇಲಿನ ಸಿ1 ಮಟ್ಟದಲ್ಲಿ ಇರಬೇಕು, ಅದಕ್ಕೆ ಪ್ರತ್ಯೇಕ ಪರೀಕ್ಷೆಯಿದೆ. ಆದರೆ ಪರೀಕ್ಷಾ ಕೊಠಡಿಯಲ್ಲಿ ಎಲ್ಲರೂ ಶುದ್ಧವಾಗಿ ಮಾತನಾಡುತ್ತಾರೆ. ತುರ್ತು ವಿಭಾಗಕ್ಕೆ ಬರುವವರು ಕುಡಿದಿರುತ್ತಾರೆ, ಅಳುತ್ತಿರುತ್ತಾರೆ, ಹಲ್ಲು ಬಿದ್ದಿರುತ್ತದೆ, ಊರಿನ ಆಡುಮಾತನ್ನೇ ಆಡುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ನಮ್ಮವರು ಗ್ಲಾಸ್ಗೋದಲ್ಲೋ ಲಿವರ್‌ಪೂಲಿನಲ್ಲೋ ಮೊದಲ ವಾರ ಪಕ್ಕದ ನರ್ಸನ್ನು ಮತ್ತೆ ಮತ್ತೆ ಕೇಳುವುದುಂಟು. ಹಾಗೆ ಕೇಳುವವರು ಬೇಗ ಕಲಿಯುತ್ತಾರೆ. ಅರ್ಥವಾದಂತೆ ತಲೆಯಾಡಿಸಿ ಮುಂದೆ ಹೋಗುವವರ ಬಗ್ಗೆಯೇ ಹಿರಿಯರು ಚಿಂತೆ ಮಾಡುತ್ತಾರೆ.